ಗಿರಿಜಕ್ಕನ ಇರುವೆಗಳು

ಇವತ್ತು ಬೆಳಿಗ್ಗೆ ತಾರಸಿಯ ಮೇಲೆ ಒಣಗಿದ್ದ ಸೀರೆ ತೆಗೆದು ಹೆಗಲಿಗೆ ಹಾಕಿಕೊಂಡೆ ನೋಡಿ, ಕುತ್ತಿಗೆಯ ಹಿಂದೆ ಚುರ್ ಎಂದಿತು. ಕೈ ತಾನಾಗಿಯೇ ಹೋಗಿ ಹೊಸಕಿ ಹಾಕಿತು. ಬೆರಳನ್ನು ಮೂಗಿನ ಹತ್ತಿರ ತಂದರೆ ಅದೇ ವಾಸನೆ. ನಿಂಬೆಹಣ್ಣಿನ ಸಿಪ್ಪೆ ಹಿಂಡಿದ ಹಾಗೆ, ಅದರ ಹಿಂದೆಯೇ ಹಳೆಯ ಮಜ್ಜಿಗೆಯ ಹುಳಿ. ಚಗಳಿ! ಎಲೆಗೆ ಎಲೆ ಅಂಟಿಸಿ ಮರದ ಮೇಲೆ ಗೂಡು ಕಟ್ಟುವ ಕೆಂಪಿರುವೆಗೆ ನಮ್ಮ ಮೂಡಿಗೆರೆ ಕಡೆ ಇರುವ ಹೆಸರು ಅದು. ಕಾಫಿ ಹಣ್ಣು ಕೊಯ್ಯುವವರನ್ನು ಕೇಳಿದರೆ ಇದಕ್ಕೆ ಇನ್ನೂ ಕೆಲವು ಹೆಸರು ಹೇಳುತ್ತಾರೆ. ಅವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಕೆಲವರಿಗೆ ಮಲ್ಲಿಗೆಯ ವಾಸನೆ ಬಂದರೆ ಮದುವೆ ನೆನಪಾಗುತ್ತದಂತೆ, ಕೆಲವರಿಗೆ ಹೊಸ ಪುಸ್ತಕದ ವಾಸನೆಗೆ ಶಾಲೆ. ನನಗೆ ಈ ಹುಳಿ ವಾಸನೆ ಬಂದರೆ ಹೊಟ್ಟೆಕಿಚ್ಚು ನೆನಪಾಗುತ್ತದೆ. ಬೇರೆಯವರದ್ದಲ್ಲ, ನನ್ನದೇ. ಹೊಟ್ಟೆಕಿಚ್ಚು ಯಾರ ಮೇಲೆ ಎಂದರೆ ನನ್ನ ವಾರಗಿತ್ತಿ ಗಿರಿಜಕ್ಕನ ಮೇಲೆ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿಯ ಮೇಲೆ. ಯಾತಕ್ಕೆ ಎಂದರೆ, ನೀವು ನಗಬಾರದು, ಅವಳ ಇರುವೆಗಳಿಗೆ. ಚಿನ್ನಕ್ಕೆ, ಸೀರೆಗೆ, ತೋಟಕ್ಕೆ ಹೊಟ್ಟೆಕಿಚ್ಚುಪಡುವವರನ್ನು ನೀವು ನೋಡಿರುತ್ತೀರಿ. ಇನ್ನೊಬ್ಬರ ಮನೆಯ ಇರುವೆಗೆ ಹೊಟ್ಟೆ ಉರಿಸಿಕೊಂಡವಳು ನಾನೊಬ್ಬಳೇ ಇರಬೇಕು. ಇನ್ನೊಂದು ಮಾತು, ಎದುರಿಗೆ ನಾನು ಗಿರಿಜಕ್ಕನನ್ನು ‘ನೀವು’ ಎಂದೇ ಮಾತಾಡಿಸುವುದು. ಏಕವಚನ ಹೊಟ್ಟೆಕಿಚ್ಚಿನದು, ಅದಕ್ಕೆ ಮರ್ಯಾದೆ ಗೊತ್ತಿಲ್ಲ.

ಗಿರಿಜಕ್ಕ ಮತ್ತು ಭಾವ ಇರುವುದು ಜಾವಳಿ ಹತ್ತಿರದ ತೋಟದಲ್ಲಿ. ನಾವು ಇರುವುದು ಮೂಡಿಗೆರೆ ಪೇಟೆಯಲ್ಲಿ. ನಮ್ಮ ಮನೆಯವರು ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅಂಗಡಿ ಇಟ್ಟಿದ್ದಾರೆ. ಪೈಪು, ಪಂಪು, ಕತ್ತಿ, ಮಳೆಗಾಲ ಬಂದರೆ ಪ್ಲಾಸ್ಟಿಕ್ ಹೊದಿಕೆ. ಅತ್ತೆ ತೋಟದ ಮನೆಯಲ್ಲಿ ದೊಡ್ಡ ಮಗನ ಜೊತೆ ಇದ್ದರು. ವರ್ಷಕ್ಕೊಮ್ಮೆ ನಾನು ಕರೆಯುತ್ತಿದ್ದೆ, ಕರೆದಾಗ ಬರುತ್ತಿದ್ದರು. ಬಂದು ಎಂಟು ದಿನ ಆಗುವಷ್ಟರಲ್ಲಿ ಬಾಗಿಲಿಗೆ ಬಂದು ನಿಂತು, ರಸ್ತೆಯಲ್ಲಿ ಹೋಗುವ ಜೀಪುಗಳನ್ನು ನೋಡಲು ಶುರುಮಾಡುತ್ತಿದ್ದರು. ಜಾವಳಿ ಕಡೆ ಹೋಗುವ ಜೀಪಿನ ಹಾರನ್ನು ಅವರಿಗೆ ಕಿವಿಯಲ್ಲೇ ಗುರುತು ಸಿಗುತ್ತಿತ್ತು.

ನನಗೆ ಅವರು ನಮ್ಮ ಮನೆಯಲ್ಲಿ ಇರಬೇಕಿತ್ತು. ಲೋಕದಲ್ಲಿ ಸೊಸೆಯರು ಅತ್ತೆಯನ್ನು ಸಾಗಹಾಕಲು ದಾರಿ ಹುಡುಕುತ್ತಾರೆ, ನೀನೊಬ್ಬಳು ಕಟ್ಟಿಹಾಕಲು ಹುಡುಕುತ್ತೀಯಲ್ಲ ಎಂದು ನಮ್ಮ ಮನೆಯವರು ಹಾಸ್ಯ ಮಾಡುತ್ತಿದ್ದರು. ನನ್ನ ಅಮ್ಮ ನಾನು ಪಿಯುಸಿ ಓದುವಾಗಲೇ ತೀರಿಕೊಂಡಳು. ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಆಮೇಲೆ ಅಪ್ಪ, ಇಬ್ಬರು ಅಣ್ಣಂದಿರು, ಒಂದು ಕಿರಾಣಿ ಅಂಗಡಿ, ನಾನು. ಮದುವೆ ಗೊತ್ತಾದಾಗ ನನಗೆ ಗಂಡ ಸಿಗುತ್ತಾನೆ ಎನ್ನುವುದಕ್ಕಿಂತ ಅತ್ತೆ ಸಿಗುತ್ತಾರೆ ಎನ್ನುವುದೇ ದೊಡ್ಡ ಆಸೆಯಾಗಿತ್ತು. ಇದನ್ನು ಗಂಡನಿಗೆ ಈವರೆಗೆ ಹೇಳಿಲ್ಲ. ಬಂದು ನೋಡಿದರೆ ಆ ಅತ್ತೆಯನ್ನು ನನಗಿಂತ ಮುಂಚೆ ಬಂದ ಗಿರಿಜಕ್ಕ ಪೂರ್ತಿಯಾಗಿ ಹಿಡಿದುಕೊಂಡು ಬಿಟ್ಟಿದ್ದಳು. ಅವಳೇನು ಉಪಚಾರ ಮಾಡಿ ಹಿಡಿದುಕೊಂಡವಳಲ್ಲ. ದಿನಕ್ಕೆ ನಾಲ್ಕು ಸಲ ಜಗಳ ಆಡುತ್ತಿದ್ದಳು. ‘ಅತ್ತೆ, ಕಾಳುಮೆಣಸು ಹೀಗಾ ಕೇರೋದು? ಅರ್ಧ ಜೊಳ್ಳು ಹಾಗೇ ಇದೆ’ ಎಂದು ಮೊರ ಕಿತ್ತುಕೊಳ್ಳುತ್ತಿದ್ದಳು. ಅತ್ತೆ ಮೊರ ವಾಪಸು ಕಿತ್ತುಕೊಳ್ಳುತ್ತಿದ್ದರು. ಇದನ್ನೆಲ್ಲ ನೋಡಿ, ಪಾಪದ ಮುದುಕಿಗೆ ನನ್ನ ಮನೆಯಲ್ಲಾದರೂ ಸುಖ ಸಿಗಲಿ ಎಂದು ನಾನು ಅವರು ಬಂದಾಗ ಒಂದು ಕಡ್ಡಿ ಎತ್ತಲೂ ಬಿಡುತ್ತಿರಲಿಲ್ಲ. ಸ್ನಾನಕ್ಕೆ ನೀರು, ಕೂತಲ್ಲಿಗೆ ಕಾಫಿ, ಮಲಗುವ ಮುಂಚೆ ಕಾಲಿಗೆ ಎಣ್ಣೆ. ಆದರೂ ಎಂಟನೇ ದಿನ ಜೀಪು.

ಈ ಇರುವೆಗಳ ಹಿಂದೆ ಒಂದು ಹೂವಿದೆ, ಅದರ ವಿಷಯಕ್ಕೆ ಬರುತ್ತೇನೆ. ಮಳೆ ಹಿಡಿಯುವ ಮುಂಚೆ ತೋಟಗಳಲ್ಲಿ ಮರಗಸಿ ಮಾಡಿಸುತ್ತಾರೆ. ಕಾಫಿಗೆ ನೆರಳು ಜಾಸ್ತಿಯಾಗದಂತೆ ಮರ ಹತ್ತಿ ಕೊಂಬೆ ಕಡಿಯುವ ಕೆಲಸ. ಕೊಂಬೆ ಬಿದ್ದಾಗ ಅದರ ಮೇಲೆ ಬೇರುಬಿಟ್ಟು ಕೂತ ಸೀತಾಳೆ ದಂಡೆಗಳೂ ಬೀಳುತ್ತವೆ. ಕಾಡು ಆರ್ಕಿಡ್ ಎಂದರೆ ನಿಮಗೆ ಬೇಗ ಗೊತ್ತಾಗಬಹುದು. ನಮ್ಮ ಮನೆಯವರು ಮಾತ್ರ ಅದನ್ನು ಇವತ್ತಿಗೂ ಬಂದಳಿಕೆ ಎನ್ನುತ್ತಾರೆ. ಬಂದಳಿಕೆ ಮರದ ರಸ ಕುಡಿದು ಬದುಕುತ್ತದೆ. ಸೀತಾಳೆ ಮರವನ್ನು ಕೇಳುವುದು ಕೂರಲು ಜಾಗ ಅಷ್ಟೇ, ಊಟ ಅದರದ್ದೇ. ಈ ವ್ಯತ್ಯಾಸವನ್ನು ಅವರಿಗೆ ಎಷ್ಟು ಸಲ ಹೇಳಿದರೂ ‘ಎರಡೂ ಬಾಡಿಗೆ ಕೊಡಲ್ಲ ತಾನೆ?’ ಎನ್ನುತ್ತಾರೆ. ಅಂಗಡಿಯವರ ಲೆಕ್ಕ.

ನಮ್ಮ ಅತ್ತೆಗೆ ಒಂದು ಅಭ್ಯಾಸ ಇತ್ತು. ಮರಗಸಿ ಮಾಡುವವರ ಹಿಂದೆ ಹಿಂದೆಯೇ ಹೋಗಿ, ಬಿದ್ದ ದಂಡೆಗಳನ್ನು ಮಡಿಲಿಗೆ ಹಾಕಿಕೊಂಡು ಬರುವುದು. ಮೇಸ್ತ್ರಿ ‘ಅಮ್ಮಾ, ತಲೆ ಮೇಲೆ ಕೊಂಬೆ ಬೀಳ್ತದೆ’ ಎಂದು ಕೂಗುತ್ತಲೇ ಇರುತ್ತಿದ್ದ. ಒಂದು ವರ್ಷ ದೊಡ್ಡ ಅತ್ತಿಮರದ ಕೊಂಬೆಯ ಜೊತೆ ಮಗುವಿನಷ್ಟು ದಪ್ಪದ ಒಂದು ದಂಡೆ ಬಿತ್ತು. ನಾನು ಆಗ ತೋಟಕ್ಕೆ ಹೋಗಿದ್ದೆ. ಅತ್ತೆ ಅದನ್ನು ಜಗಲಿಯ ಮೇಲೆ ಇಟ್ಟು, ಎಲ್ಲಿ ಎರಡಾಗುತ್ತದೋ ನೋಡಿ, ಕೈಯಲ್ಲೇ ಬಿಡಿಸಿ ನಮಗೆ ಒಂದೊಂದು ಕೊಟ್ಟರು. ‘ಇಬ್ರಿಗೂ ಒಂದೊಂದು. ಯಾರಿಗೆ ದೊಡ್ಡದು ಅಂತ ನೋಡ್ಬೇಡಿ’ ಎಂದರು. ನಾನು ನೋಡಿದೆ. ನನ್ನದೇ ಸ್ವಲ್ಪ ದೊಡ್ಡದಿತ್ತು, ಸತ್ಯ ಹೇಳಬೇಕಲ್ಲ.

ಗಿರಿಜಕ್ಕ ತನ್ನ ಪಾಲನ್ನು ಹಳೇ ಲಂಗದ ಚಿಂದಿಯಲ್ಲಿ ಅಂಗಳದ ಹಲಸಿನ ಮರಕ್ಕೆ ಬಿಗಿದು, ಕೈ ಒರೆಸಿಕೊಂಡು ಒಳಗೆ ಹೋದಳು. ಅಷ್ಟೇ ಅವಳ ಸೇವೆ. ನಾನು ನನ್ನದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪೇಟೆಗೆ ತಂದು, ತೆಂಗಿನ ನಾರು ತೊಳೆದು, ಇದ್ದಿಲು ಇಟ್ಟು, ಪಾಚಿ ಹೊದಿಸಿ, ಹಿತ್ತಲಲ್ಲಿ ತಾರಸಿಯವರೆಗೆ ಬೆಳೆದ ಪೇರಲೆ ಮರಕ್ಕೆ ಅಂಗಡಿಯ ಹೊಸ ಹಗ್ಗದಲ್ಲಿ ಕಟ್ಟಿದೆ. ಬೆಳಿಗ್ಗೆ ಸಂಜೆ ನೀರು ಚಿಮುಕಿಸಿದೆ. ಅಕ್ಕಿ ತೊಳೆದ ನೀರು ಹಾಕಿದೆ. ಮಾತಾಡಿಸಿದರೆ ಬೆಳೆಯುತ್ತವೆ ಎಂದು ಯಾರೋ ಹೇಳಿದರೆಂದು ಮಾತೂ ಆಡಿಸಿದೆ. ಅದು ಎಲೆ ಬಿಟ್ಟಿತು. ಬಿಟ್ಟಿದ್ದು ಎಲೆ ಮಾತ್ರ. ಅತ್ತ ಜಾವಳಿಯಲ್ಲಿ, ಮುಂದಿನ ಬೇಸಿಗೆ ಮುಗಿಯುವಾಗ, ಹಲಸಿನ ಮರದಿಂದ ಮೊಳದುದ್ದದ ಹೂವಿನ ಗೊಂಚಲು ಇಳಿಯಿತು. ಬಿಳಿಯ ಮೇಲೆ ನೇರಳೆ ಚುಕ್ಕೆ, ದೇವರೇ ಕೂತು ಕಟ್ಟಿದ ದಂಡೆಯ ಹಾಗೆ, ತುರುಬಿಗೆ ಸುತ್ತಿಕೊಂಡರೆ ಮುಗಿಯಿತು.

ಸುತ್ತಿಕೊಂಡವರು ಅತ್ತೆ. ಮಾವ ಹೋದ ಮೇಲೆ ಹೂ ಮುಡಿಯುವುದನ್ನು ಅವರು ಬಿಟ್ಟಿರಲಿಲ್ಲ. ನೆಂಟರಲ್ಲಿ ಮಾವನಿಗೆ ತಂಗಿಯಾಗಬೇಕಾದ ಒಬ್ಬಾಕೆ ಕೊಂಕು ತೆಗೆದಾಗ, ‘ಹೂ ಮುಡಿಯೋದು ನಾನು ಹುಟ್ಟಿದಾಗಿಂದ. ನಿಮ್ಮಣ್ಣ ಬಂದಿದ್ದು ಆಮೇಲೆ’ ಎಂದಿದ್ದರಂತೆ. ಆ ವರ್ಷ ಯಾವುದೋ ಮದುವೆಗೆ ಅವರು ಗಿರಿಜಕ್ಕನ ಹೂ ಮುಡಿದುಕೊಂಡು ಬಂದರು. ಎಲ್ಲರೂ ಕೇಳುವವರೇ. ‘ನಮ್ಮ ಗಿರಿಜನ ಗಿಡದ್ದು’ ಎಂದು ಎಲ್ಲರಿಗೂ ಹೇಳಿದರು. ನಾನು ಪಕ್ಕದಲ್ಲೇ ಕೂತು ಹೋಳಿಗೆ ತಿನ್ನುತ್ತಿದ್ದೆ. ಉಳಿದದ್ದನ್ನು ಎಲೆಯ ಬದಿಗೆ ಸರಿಸಿದೆ. ಅದರ ಮರುವರ್ಷವೂ ಹಾಗೇ ಆಯಿತು, ಅದರ ಮರುವರ್ಷವೂ. ನನ್ನ ಗಿಡ ಎಲೆಯ ಮೇಲೆ ಎಲೆ ಬಿಟ್ಟು ಆರೋಗ್ಯವಾಗಿ ಬೆಳೆಯುತ್ತಿತ್ತು. ಒಣಗಿಯಾದರೂ ಹೋಗಿದ್ದರೆ ಒಂದು ಸಮಾಧಾನ ಇರುತ್ತಿತ್ತು.

ಹೊಟ್ಟೆಕಿಚ್ಚಿನಲ್ಲಿ ಒಂದು ಒಳ್ಳೆಯ ಗುಣ ಇದೆ, ಅದು ಮನುಷ್ಯನಿಗೆ ಕಣ್ಣು ಕೊಡುತ್ತದೆ. ತೋಟಕ್ಕೆ ಹೋದಾಗ ನಾನು ಗಿರಿಜಕ್ಕನ ಗಿಡವನ್ನು ಪೊಲೀಸರು ಮನೆ ತಪಾಸಣೆ ಮಾಡುವಂತೆ ನೋಡಿದೆ. ಮಣ್ಣಿಲ್ಲ, ಇದ್ದಿಲಿಲ್ಲ, ಲಂಗದ ಚಿಂದಿ ಕೊಳೆತು ಬಿದ್ದುಹೋಗಿತ್ತು. ನನ್ನದರಲ್ಲಿ ಇಲ್ಲದ್ದು ಅದರಲ್ಲಿ ಒಂದೇ ಒಂದಿತ್ತು. ಮೊಗ್ಗಿನ ಕಾಂಡದ ತುಂಬ ಚಗಳಿ. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ, ರೋಂದು ತಿರುಗುತ್ತಿದ್ದವು.

‘ಅತ್ತೆ, ಇದೆಂತ ಇಷ್ಟೊಂದು ಇರುವೆ?’ ಎಂದು ಕೇಳಿದೆ.

‘ಮೊಗ್ಗು ಬರೋವಾಗ ಅದರ ಬುಡದಲ್ಲಿ ಜೇನಿನ ಥರ ಹನಿ ಒಸರ್ತದೆ. ಅದನ್ನ ನೆಕ್ಕೋಕೆ ಬರ್ತಾವೆ. ನೆಕ್ಕಿ ಸುಮ್ನೆ ಹೋಗಲ್ಲ ಮತ್ತೆ. ಮೊಗ್ಗು ತಿನ್ನೋಕೆ ಒಂದು ಹುಳ ಬರ್ಲಿ ನೋಡು, ಎಲ್ಲ ಸೇರಿ ಓಡಿಸ್ತಾವೆ. ಇರುವೆ ಇರೋ ದಂಡೆ ನಾಯಿ ಇರೋ ಮನೆ ಇದ್ದಂಗೆ’ ಎಂದರು.

ಅವರು ಹೇಳಿದ್ದು ಸ್ಪಷ್ಟವಾಗಿಯೇ ಇತ್ತು. ಗಿಡ ಹನಿ ಕೊಡುತ್ತದೆ, ಅದಕ್ಕೆ ಇರುವೆ ಬರುತ್ತದೆ, ಬಂದದ್ದು ಕಾಯುತ್ತದೆ. ಆದರೆ ಹೊಟ್ಟೆಕಿಚ್ಚು ಕಣ್ಣು ಕೊಟ್ಟ ಹಾಗೆಯೇ ಕಿವಿ ಕಿತ್ತುಕೊಳ್ಳುತ್ತದೆ. ನನಗೆ ಕೇಳಿಸಿದ್ದು ಇಷ್ಟೇ, ಇರುವೆ ಇದ್ದರೆ ಹೂ. ಗಿರಿಜಕ್ಕನಿಗೆ ಇರುವೆ ಇದೆ, ನನಗಿಲ್ಲ. ಅವಳ ಮನೆಯಲ್ಲಿ ಇರುವೆಗಳೂ ಅವಳ ಪರ.

ಸುಮ್ಮನೆ ಕೇಳಿಯೇ ಬಿಟ್ಟೆ. ‘ಅಕ್ಕ, ನಿಮ್ಮ ತೋಟದಿಂದ ಒಂದು ಚಗಳಿ ಗೂಡು ತಗೊಂಡು ಹೋಗ್ಲಾ?’

ಗಿರಿಜಕ್ಕ ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ನಗಲು ಶುರುಮಾಡಿದವಳು ಒನಕೆ ಗೋಡೆಗೆ ಒರಗಿಸಿ ನೆಲದ ಮೇಲೆ ಕೂತೇಬಿಟ್ಟಳು. ‘ತಗೊಂಡು ಹೋಗು ಮಾರಾಯ್ತಿ! ಒಂದ್ಯಾಕೆ, ತೋಟದಲ್ಲಿ ಇರೋದಷ್ಟೂ ತಗೊಂಡು ಹೋಗು. ಆಳುಗಳು ನಿನ್ನ ಕಾಲಿಗೆ ಬೀಳ್ತಾರೆ!’ ಎಂದಳು. ಕೊಡಲ್ಲ ಎಂದಿದ್ದರೆ ನನಗೆ ಎಷ್ಟೋ ಹಿತವಾಗುತ್ತಿತ್ತು. ಅವಳು ಬೆಳಗಿನ ಚಳಿಗೆ ಇರುವೆಗಳು ಮಂಕಾಗಿರುವಾಗ ತಾನೇ ಹೋಗಿ, ಕಾಫಿಗಿಡದ ಕೊಂಬೆಯ ಸಮೇತ ಒಂದು ಗೂಡು ಕಡಿದು ತಂದುಕೊಟ್ಟಳು. ‘ಗೊಬ್ಬರದ ಪ್ಲಾಸ್ಟಿಕ್ ಚೀಲಕ್ಕೆ ಹಾಕು, ಬಾಯಿ ಗಟ್ಟಿ ಕಟ್ಟು’ ಎಂದೂ ಹೇಳಿದಳು. ನನಗೆ ಅವಳ ಮಾತು ಕೇಳುವ ಮನಸ್ಸಿರಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಪಾಪ ಅವಕ್ಕೆ ಉಸಿರು ಕಟ್ಟುತ್ತದೆ ಎಂದು ಗೋಣಿಚೀಲಕ್ಕೆ ಹಾಕಿ, ಮೂಡಿಗೆರೆ ಜೀಪು ಹತ್ತಿದೆ.

ಅವತ್ತು ಸಂತೆ. ಜೀಪಿನಲ್ಲಿ ಉಸಿರಾಡಲು ಜಾಗ ಇದ್ದದ್ದು ನನ್ನ ಚೀಲದೊಳಗೆ ಮಾತ್ರ ಇರಬೇಕು. ಬಿಸಿಲೇರಿತು, ಜನರ ಮೈಶಾಖ ಸೇರಿತು, ಇರುವೆಗಳ ಮಂಕು ಬಿಟ್ಟಿತು. ಗೋಣಿಯ ಹೆಣಿಗೆ ಎಷ್ಟು ಸಡಿಲ ಎಂಬುದನ್ನು ಹಾರ್ಡ್‌ವೇರ್ ಅಂಗಡಿಯವನ ಹೆಂಡತಿಯಾಗಿ ನಾನು ತಿಳಿದಿರಬೇಕಿತ್ತು. ಮೊದಲು ನನ್ನ ಎದುರಿಗೆ ಕೂತಿದ್ದ ಯಾವುದೋ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ತೊಡೆ ಕೆರೆದುಕೊಂಡರು. ಆಮೇಲೆ ಅವರ ಪಕ್ಕದವರು. ಆಮೇಲೆ ಹಿಂದೆ ನೇತುಬಿದ್ದವರಲ್ಲಿ ಒಬ್ಬ ‘ಅಯ್ಯಯ್ಯಪ್ಪೋ’ ಎಂದು ಒಂದು ಕೈ ಬಿಟ್ಟ. ಡ್ರೈವರ್ ಜೀಪು ನಿಲ್ಲಿಸಿ ಹಿಂದಕ್ಕೆ ತಿರುಗಿದ.

‘ಅಮ್ಮಾ, ಆ ಚೀಲದಲ್ಲಿ ಎಂತ?’

‘ತರಕಾರಿ’ ಎಂದೆ.

‘ತರಕಾರಿ ಕಚ್ತಾ ಇದೆಯಲ್ಲ ಅಮ್ಮಾವ್ರೇ’ ಎಂದರು ರೈಟರು, ಬಹಳ ಮರ್ಯಾದೆಯಿಂದ, ಎರಡೂ ಕೈಯಲ್ಲಿ ಕೆರೆದುಕೊಳ್ಳುತ್ತ.

ಎಲ್ಲರೂ ಕೆಳಗಿಳಿದು ಬಟ್ಟೆ ಕೊಡವಿಕೊಂಡರು. ಮೈಮೇಲೆ ಇರುವೆ ಬಿಟ್ಟುಕೊಳ್ಳುವುದು ಎಂಬ ಗಾದೆಮಾತನ್ನು ನಾನು ಒಂದು ಜೀಪು ಜನಕ್ಕೆ ಮಾಡಿ ತೋರಿಸಿದ್ದೆ. ಬೈಗುಳ ಇನ್ನೇನು ಶುರುವಾಗಬೇಕು, ಅಷ್ಟರಲ್ಲಿ ಸಂತೆಗೆ ಹೊರಟಿದ್ದ ಹೆಂಗಸೊಬ್ಬಳು ಚೀಲವನ್ನು ಮೂಸಿ ಮುಖ ಅರಳಿಸಿಕೊಂಡಳು. ‘ಓ, ಚಗಳಿ! ಚಟ್ನಿಗಾ ಅಮ್ಮ? ಮೊಟ್ಟೆ ಇದ್ದಾವಾ? ನಂಗೊಂದು ಬೊಗಸೆ ಕೊಡಿ, ನೆಗಡಿಗೆ ಒಳ್ಳೇದು’ ಎಂದಳು. ಚಟ್ನಿ ಎಂದ ಕೂಡಲೇ ಜೀಪಿನವರ ಸಿಟ್ಟೆಲ್ಲ ಇಳಿಯಿತು. ಊಟದ ವಿಷಯ ಎಂದರೆ ನಮ್ಮ ಜನ ಎಷ್ಟಾದರೂ ಕ್ಷಮಿಸುತ್ತಾರೆ. ರೈಟರು ಬೆಳ್ಳುಳ್ಳಿ ಎಷ್ಟು ಹಾಕಬೇಕು ಎಂದು ಹೇಳಿಕೊಟ್ಟರು. ಹೂವಿಗೆ ಇರುವೆ ಸಾಗಿಸುತ್ತಿದ್ದೇನೆ ಎಂದು ಹೇಳಿದರೆ ತಲೆಕೆಟ್ಟವಳು ಎನ್ನುತ್ತಾರೆಂದು ನಾನೂ ಹ್ಞೂಂ ಹ್ಞೂಂ ಎಂದೆ.

ಆದರೆ ನಮ್ಮದು ಮೊಟ್ಟೆಯನ್ನೂ ಒಳಗೆ ಬಿಡದ ಲಿಂಗಾಯತರ ಮನೆ. ನಾನು ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಮನೆ ಸೇರುವಷ್ಟರಲ್ಲಿ ಸುದ್ದಿ ಅಂಗಡಿಗೆ ಮುಟ್ಟಿತ್ತು. ಮಧ್ಯಾಹ್ನ ಊಟಕ್ಕೆ ಬಂದ ನಮ್ಮ ಮನೆಯವರು ತಟ್ಟೆಯಲ್ಲಿದ್ದ ಚಟ್ನಿಯನ್ನು ಬೆರಳಲ್ಲಿ ಸರಿಸಿ ಸರಿಸಿ ನೋಡಿದರು. ‘ಇದು ಕಾಯಿಚಟ್ನಿ ತಾನೆ?’ ಎಂದರು. ಆ ಪ್ರಶ್ನೆಯನ್ನು ಒಂದು ತಿಂಗಳು ಕೇಳುತ್ತಲೇ ಇದ್ದರು.

ಇರುವೆಗಳಂತೂ ಪೇರಲೆ ಮರದಲ್ಲಿ ನೆಲೆಸಿದವು. ಹೊಸ ಗೂಡು ಹೆಣೆದವು. ನನಗೆ ಅವು ಬಿಟ್ಟುಹೋದಾವೆಂಬ ಭಯ. ಬೇರೆ ಮನೆಯಿಂದ ಬಂದವು, ಮರಳಿ ಹೋಗುವ ಯೋಚನೆ ಮಾಡಿದರೆ? ಅದಕ್ಕೆ ಮರದ ಬುಡದಲ್ಲಿ ಒಂದು ತಟ್ಟೆ ಇಟ್ಟು ಬೆಲ್ಲದ ನೀರು ಹಾಕಿದೆ. ಕಿರಾಣಿ ಅಂಗಡಿಯವನ ಮಗಳು, ಬೆಲ್ಲಕ್ಕೆ ಕೈ ಬಿಗಿ ಹಿಡಿದವಳಲ್ಲ. ದಿನಾ ಹೊಸ ಬೆಲ್ಲ, ದಿನಾ ಹೊಸ ನೀರು. ಸಾಲುಗಟ್ಟಿ ಇಳಿದು ಬಂದು ತಟ್ಟೆಯ ಸುತ್ತ ಕೂತು ಕುಡಿಯುತ್ತಿದ್ದವು. ನೋಡಲು ಎರಡು ಕಣ್ಣು ಸಾಲದು. ಗಿರಿಜಕ್ಕನ ಇರುವೆಗಳು ಈಗ ನನ್ನ ಬೆಲ್ಲ ತಿಂದು ಮೈತುಂಬಿಕೊಂಡಿವೆ ಎಂದು ನೆನೆಸಿಕೊಂಡರೆ ಹೊಟ್ಟೆ ತಣ್ಣಗಾಗುತ್ತಿತ್ತು.

ಆ ಬೇಸಿಗೆ ನನ್ನ ಗಿಡದಲ್ಲಿ ಮೊಗ್ಗು ಬಂತು! ಈಗ ಯೋಚಿಸಿದರೆ ಇರುವೆಗೂ ಅದಕ್ಕೂ ಸಂಬಂಧವಿಲ್ಲ, ಜಾಗ ಬದಲಿಸಿದ ದಂಡೆಗೆ ಬೇರು ಹಿಡಿಯಲು ಅಷ್ಟು ವರ್ಷ ಬೇಕಾಗಿತ್ತು. ಅವತ್ತು ನನಗೆ ಹಾಗೆ ಅನಿಸಲಿಲ್ಲ. ಎಲೆಯ ಸಂದಿಯಿಂದ ಇಳಿದ ಆ ಎಳೆ ಗೊಂಚಲನ್ನು ನೋಡಿ ಜಾವಳಿಗೆ ಫೋನ್ ಮಾಡಿದೆ. ‘ಅತ್ತೆ, ಈ ಸಲ ನನ್ನ ಗಿಡದ ಹೂ ಮುಡೀಬೇಕು ನೀವು. ಬನ್ನಿ’ ಎಂದೆ. ‘ಬರ್ತೀನಿ ಕಣೆ’ ಎಂದರು. ಬಂದರು. ನಾನು ಎಂದಿನ ಹಾಗೆ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಕಾಲಿಗೆ ಮಣೆ ಕೊಟ್ಟು, ಕೈಗೆ ಕಾಫಿ ಕೊಟ್ಟೆ. ಅವರು ಅಡುಗೆಮನೆಗೆ ಬಂದು ಕಾಯಿ ತುರಿಯಲು ಮಣೆ ಎಳೆದುಕೊಂಡರೆ, ‘ಅಯ್ಯೋ ಬಿಡಿ ಅತ್ತೆ, ನೀವು ಕೂತ್ಕೊಳಿ’ ಎಂದು ಕಾಯಿ ಕಸಿದುಕೊಂಡೆ.

ಅವರು ಬಂದ ನಾಲ್ಕನೆಯ ದಿನವೋ ಐದನೆಯ ದಿನವೋ ಬೆಳಿಗ್ಗೆ ತಾರಸಿ ಹತ್ತಿ ನೋಡುತ್ತೇನೆ, ಗೊಂಚಲಿನ ತುಂಬ ತೂತು. ಅರಳಬೇಕಾಗಿದ್ದ ಮೊಗ್ಗುಗಳು ಅರ್ಧರ್ಧ ಕತ್ತರಿಸಿಹೋಗಿ ಕಪ್ಪಾಗಿ ನೇತಾಡುತ್ತಿವೆ. ಕೇಸರಿ ಬಣ್ಣದ ಪುಟ್ಟ ಜೀರುಂಡೆಗಳು ಹಬ್ಬದೂಟಕ್ಕೆ ಕೂತಂತೆ ಕೂತಿವೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನನ್ನ ಕೂಗು ಕೇಳಿ ಅತ್ತೆ ಮೆಟ್ಟಿಲು ಹತ್ತಿ ಬಂದರು. ಗೊಂಚಲನ್ನು ಬೆರಳಲ್ಲಿ ಎತ್ತಿ ನೋಡಿದರು. ಆಮೇಲೆ ಬಗ್ಗಿ ಮರದ ಬುಡ ನೋಡಿದರು.

‘ಅದೆಂತ ತಟ್ಟೆ?’

‘ಬೆಲ್ಲದ ನೀರು, ಅತ್ತೆ. ಇರುವೆಗೆ.’

‘ಎಂತಕ್ಕೆ?’

‘ಬಿಟ್ಟು ಹೋಗ್ಬಾರ್ದು ಅಂತ.’

ಅತ್ತೆ ಮೊಗ್ಗಿನ ಬುಡದಲ್ಲಿ ಅಂಟಾಗಿ ಒಣಗಿದ್ದ ಹನಿಯನ್ನು ಉಗುರಿನಿಂದ ಎಬ್ಬಿಸಿ ನನಗೆ ತೋರಿಸಿದರು. ‘ನೋಡು, ಗಿಡ ತಾನು ಕೊಡೋದು ಕೊಟ್ಟಿದೆ. ಯಾರೂ ಕುಡ್ದಿಲ್ಲ. ಕೂತಲ್ಲಿಗೇ ಬೆಲ್ಲ ಬಂದ್ರೆ ಅವು ಮೇಲೆ ಯಾಕೆ ಹತ್ತುತಾವೆ?’ ಎಂದರು.

ನನಗೆ ಅಳುವೇ ಬಂತು. ಅಳು ಹೂವಿಗಾಗಿ ಅಲ್ಲ. ಅವೇ ಇರುವೆಗಳು ಜಾವಳಿಯಲ್ಲಿ ಗಿರಿಜಕ್ಕನಿಗೆ ಒಂದು ಚೂರು ಬೆಲ್ಲ ಕೇಳದೆ ದುಡಿದಿದ್ದವು. ನನ್ನ ಮನೆಗೆ ಬಂದು ಸೋಮಾರಿಗಳಾದವು. ಅವಳ ಕೈಗುಣ ಏನು, ನನ್ನ ಕೈಗುಣ ಏನು ಎಂದು ಹೊಟ್ಟೆ ಭಗಭಗ ಉರಿಯಿತು.

ಅವತ್ತು ಮಧ್ಯಾಹ್ನ ಅತ್ತೆ ಸೀರೆ ಮಡಿಸಿ ಚೀಲಕ್ಕೆ ಹಾಕುತ್ತಿದ್ದರು. ಎಂಟು ದಿನ ಇನ್ನೂ ಆಗಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಅಷ್ಟು ವರ್ಷ ನುಂಗಿಕೊಂಡದ್ದನ್ನು ಕೇಳಿಬಿಟ್ಟೆ.

‘ಅತ್ತೆ, ನಾನೇನು ಕಡಿಮೆ ಮಾಡಿದೀನಿ? ಅಲ್ಲೇನಿದೆ ಅಂತ ಓಡಿ ಹೋಗ್ತೀರಿ?’

‘ಅಲ್ಲಿ ಗಿರಿಜ ಬೈತಾಳೆ’ ಎಂದರು.

‘ಬೈತಾಳೆ ಅಂತ ಹೋಗೋದಾ!’

‘ಬೈಯ್ಬೇಕಾದ್ರೆ ನಾನು ಏನಾದ್ರೂ ಮಾಡ್ತಾ ಇರ್ಬೇಕಲ್ಲ ಮಾರಾಯ್ತಿ. ಅಲ್ಲಿ ಮೆಣಸು ಕೇರ್ತೀನಿ, ಅವಳಿಗೆ ಸರಿ ಕಾಣಲ್ಲ. ಒಂದು ಹೊತ್ತು ನಾನಿಲ್ದಿದ್ರೆ ಎಲ್ಲಿಗೆ ಹೋದ್ರಿ ಅಂತ ಕೂಗ್ತಾಳೆ. ಇಲ್ಲಿ ನಂಗೆ ಎಂತ ಕೆಲಸ ಉಂಟು? ನೀನು ನನ್ನ ಗೋಡೆ ಮೇಲಿನ ಫೋಟೋ ಮಾಡಿ ಇಟ್ಟಿದೀಯ. ಹಾರ ಒಂದು ಹಾಕಿಲ್ಲ.’

ಅವರು ಸಂಜೆಯ ಜೀಪಿಗೆ ಹೊರಟುಹೋದರು. ಮರುದಿನ ಬೆಳಿಗ್ಗೆ ಬೆಲ್ಲದ ತಟ್ಟೆ ತೊಳೆದು ಬೋರಲು ಹಾಕುವಾಗ ಒಮ್ಮೆಲೇ ಕೈ ನಿಂತಿತು. ನಿಮಗೆ ಇದು ಆಗಲೇ ಹೊಳೆದಿರಬಹುದು. ನನಗೆ ಹೊಳೆಯಲು ಅಷ್ಟು ಹೊತ್ತು ಬೇಕಾಯಿತು, ಏನು ಮಾಡಲಿ. ನಾನು ಅಲ್ಲೇ ತೊಳೆಯುವ ಕಲ್ಲಿನ ಮೇಲೆ ಕೂತುಕೊಂಡೆ.

ಆದರೆ ಹೊಳೆದದ್ದನ್ನು ಮಾಡುವುದು ಸುಲಭವಲ್ಲ. ಹಿರಿಯರಿಗೆ ಕೆಲಸ ಹೇಳುವ ನಾಲಿಗೆ ನನಗೆ ಬೆಳೆದಿರಲಿಲ್ಲ. ಮುಂದಿನ ಸಲ ಅತ್ತೆ ಬಂದಾಗ, ‘ಅತ್ತೆ, ನಿಮಗೆ ಬೇಜಾರಿಲ್ಲ ಅಂದ್ರೆ, ಸುಮ್ನೆ ಹೊತ್ತು ಹೋಗೋಕೆ, ಬೇಕಾದ್ರೆ ಮಾತ್ರ, ಈ ಹುರುಳಿಕಾಳಲ್ಲಿ ಕಲ್ಲು ಆರಿಸ್ತೀರಾ’ ಎಂದೆ. ಅವರು ಆರಿಸಿದರು. ಸಾರು ಮಾಡಿದೆ. ನಮ್ಮ ಮನೆಯವರ ಹಲ್ಲಿಗೆ ಕಲ್ಲು ಸಿಕ್ಕಿ ಕಟಕ್ ಎಂದಿತು. ಹಿಂದಿನ ನಾನಾಗಿದ್ದರೆ ಅಯ್ಯೋ ನನ್ನದೇ ತಪ್ಪು ಎನ್ನುತ್ತಿದ್ದೆ. ಅವತ್ತು ಧೈರ್ಯ ಮಾಡಿ, ಗಿರಿಜಕ್ಕನ ಧಾಟಿಯನ್ನೇ ಕದ್ದು, ‘ಇದೆಂತ ಅತ್ತೆ, ಕಲ್ಲು ಆರಿಸಿದ್ರೋ ಕಾಳು ಆರಿಸಿದ್ರೋ’ ಎಂದೆ. ಅತ್ತೆ ತಲೆ ಎತ್ತಿದರು. ‘ಕಲ್ಲಿರೋ ಹುರುಳಿ ತಂದಿದ್ದು ಯಾರು? ಅಂಗಡಿಯವರ ಮನೇಲಿ ಹುಟ್ಟಿ ಕಾಳು ನೋಡಿ ತರೋಕೆ ಬರಲ್ವಾ?’ ಎಂದು ತಿರುಗಿ ಬಿದ್ದರು. ನಾನೂ ಬಿಡಲಿಲ್ಲ. ಹುರುಳಿಯಿಂದ ಶುರುವಾದದ್ದು ನನ್ನ ಒಗ್ಗರಣೆಗೆ ಹೋಗಿ, ಅಲ್ಲಿಂದ ನಾನು ದೋಸೆ ಹಿಟ್ಟು ರುಬ್ಬುವ ರೀತಿಗೆ ಹೋಯಿತು. ನಮ್ಮ ಮನೆಯವರು ಊಟದ ತಟ್ಟೆ ಎತ್ತಿಕೊಂಡು ಜಗಲಿಗೆ ಹೋದರು. ಆ ಸಲ ಅತ್ತೆ ಹದಿನೈದು ದಿನ ಇದ್ದರು.

ಗಿಡವೂ ಹೂ ಬಿಟ್ಟಿತು, ಅದನ್ನೂ ಹೇಳಿಬಿಡುತ್ತೇನೆ. ಬೆಲ್ಲ ನಿಂತ ಮೇಲೆ ಇರುವೆಗಳು ಕೆಲವು ದಿನ ತಟ್ಟೆ ಇದ್ದ ಜಾಗದಲ್ಲಿ ಓಡಾಡಿ, ನಾನು ಅಲ್ಲಿ ಕಾಲಿಟ್ಟಾಗ ಸರಿಯಾಗಿ ಸೇಡು ತೀರಿಸಿಕೊಂಡವು. ಮರುಬೇಸಿಗೆ ಮೊಗ್ಗು ಒಸರಿದಾಗ ಮೇಲೆ ಹತ್ತಿ ರೋಂದು ಹೊರಟವು. ಗೊಂಚಲು ಅರಳಿತು. ಅತ್ತೆ ಮುಡಿದರು. ಗಿರಿಜಕ್ಕನದಕ್ಕಿಂತ ಒಂದು ಗೇಣು ಗಿಡ್ಡ. ನಾನು ಅಳತೆ ಮಾಡಿದ್ದೇನೆ. ಬುದ್ಧಿ ಬಂತು ಎಂದುಕೊಂಡಿರೇನು? ಹೊಟ್ಟೆಕಿಚ್ಚು ಅಷ್ಟು ಸುಲಭಕ್ಕೆ ಮನೆ ಖಾಲಿ ಮಾಡುವುದಿಲ್ಲ.

ಇವತ್ತು ನಾನು ತಾರಸಿಯಿಂದ ಇಳಿದು ಬಂದಾಗ ಅಡುಗೆಮನೆಯಲ್ಲಿ ಅತ್ತೆ ಹಲಸಿನ ಸೊಳೆ ಕುಟ್ಟುತ್ತಿದ್ದರು. ಮಳೆ ಹಿಡಿಯುವ ಮುಂಚೆ ಹಪ್ಪಳ ಹಾಕಿ ಮುಗಿಸಬೇಕು. ಅವರು ಬಂದು ಎಷ್ಟು ದಿನವಾಯಿತೆಂದು ನಾನು ಲೆಕ್ಕ ಇಟ್ಟಿಲ್ಲ, ಇಟ್ಟರೆ ದೃಷ್ಟಿಯಾಗುತ್ತದೆ. ಸೀರೆ ಎತ್ತಿಟ್ಟು ನಾನೂ ಹಿಟ್ಟಿಗೆ ಕೈ ಹಾಕಿ ಕೂತಿದ್ದೆ, ಫೋನು ಬಂತು. ಗಿರಿಜಕ್ಕ. ಕೈಯೆಲ್ಲ ಅಂಟು, ಎದ್ದು ಮೊಣಕೈಯಲ್ಲೇ ಸ್ಪೀಕರ್ ಒತ್ತಿದೆ.

‘ಅತ್ತೇನ ಯಾವಾಗ ಕಳಿಸ್ತೀಯ?’ ಎಂದಳು. ದನಿ ನಗುತ್ತಿರಲಿಲ್ಲ. ‘ಇಲ್ಲಿ ಹಲಸು ಬಲಿತು ನಿಂತಿದೆ. ಹಪ್ಪಳ ಹಾಕ್ಬೇಕು. ನಂಗೊಬ್ಳಿಗೇ ಆಗ್ತದಾ?’

ನಾನು ಬಾಯಿ ತೆರೆಯುವ ಮುಂಚೆ ಅತ್ತೆ ಒನಕೆ ಇಳಿಸಿ ಫೋನಿನ ಕಡೆ ಬಗ್ಗಿದರು.

‘ಬರೋಕಾಗಲ್ಲ ಗಿರಿಜ. ಇಲ್ಲಿ ಹಿಟ್ಟು ಅರ್ಧಕ್ಕೆ ನಿಂತಿದೆ. ಇವಳಿಗೆ ಒಂದೂ ಬರಲ್ಲ. ಉಪ್ಪು ಎಷ್ಟು ಹಾಕ್ಬೇಕು ಅಂತಾನೂ ಗೊತ್ತಿಲ್ಲ. ಇವಳನ್ನ ಬಿಟ್ಟು ನಾನು ಹ್ಯಾಗೆ ಬರ್ಲಿ?’

ಆ ಕಡೆಯಿಂದ ಮಾತಿಲ್ಲ. ಹಲಸಿನ ಮರದ ಎದುರಿನ ಜಗಲಿಯ ಮೇಲೆ, ಫೋನು ಕಿವಿಗೆ ಹಿಡಿದು ಸುಮ್ಮನೆ ನಿಂತ ಗಿರಿಜಕ್ಕ ನನಗೆ ಇಲ್ಲಿಂದಲೇ ಕಂಡಳು. ಆ ಮೌನ ಎಂಥದು, ಅದು ಎದೆಯಲ್ಲಿ ಎಲ್ಲಿ ಚುಚ್ಚುತ್ತದೆ ಎಂದು ನನ್ನಷ್ಟು ಚೆನ್ನಾಗಿ ಬಲ್ಲವರು ಯಾರು? ಪಾಪ ಎನಿಸಿತು. ಅದಕ್ಕಿಂತ ಹೆಚ್ಚು ಸಂತೋಷವೇ ಆಯಿತು. ಒಂದೂ ಬರುವುದಿಲ್ಲ ಎಂದು ಇಷ್ಟು ಸ್ಪಷ್ಟವಾಗಿ, ಇಷ್ಟು ದೊಡ್ಡ ದನಿಯಲ್ಲಿ, ನನ್ನನ್ನು ಯಾರೂ ಬೈದಿರಲಿಲ್ಲ. ಕಣ್ಣು ತುಂಬಿ ಬಂದು, ಹಿಟ್ಟು ಮೆತ್ತಿದ ಕೈಯಲ್ಲಿ ಒರೆಸಿಕೊಳ್ಳಲೂ ಆಗದೆ ನಿಂತಿದ್ದೆ.

‘ಎಂತ ನೋಡ್ತಾ ನಿಂತೆ?’ ಎಂದರು ಅತ್ತೆ. ‘ಹಪ್ಪಳ ಒತ್ತೋಕೆ ಎಣ್ಣೆ ಯಾರು ತರ್ತಾರೆ, ನಿಮ್ಮ ಮಾವನಾ?’

ನಾನು ಎಣ್ಣೆ ತರಲು ಓಡಿದೆ.